ಅಪ್ಪ-ಅಮ್ಮನಿಗೆ ವಿಸಿಟರ್ ವೀಸಾನೋ, ಗ್ರೀನ್ ಕಾರ್ಡೋ? ದಾವಣಗೆರೆ ಕಡೆಯವರಿಗೊಂದು ಹೋಲಿಕೆ

"ಮಗ ಗ್ರೀನ್ ಕಾರ್ಡ್ ಮಾಡಿಸ್ತೀನಿ ಅಂತಾನೆ ಸಾರ್. ಮಾಡಿಸಿಬಿಡಲಾ?"

ಪಿ.ಜೆ. ಬಡಾವಣೆಯಲ್ಲಿ ತೆರಿಗೆ ರಿಟರ್ನ್ ತುಂಬುವ ಆಫೀಸು ನಮ್ಮದು. ಅಮೆರಿಕದಲ್ಲಿ ಮಕ್ಕಳಿರುವ ಹಿರಿಯರು ಬಂದಾಗ ರಿಟರ್ನಿನ ಮಾತು ಬೇಗ ಮುಗಿಯುತ್ತದೆ, ಈ ಮಾತು ಮುಗಿಯುವುದಿಲ್ಲ. ನಾನು ವಲಸೆ ವಕೀಲನಲ್ಲ. ಆದರೆ ಆ ಕಾಗದಗಳು ಹೇಗೋ ನಮ್ಮ ಮೇಜಿಗೂ ಬರುತ್ತವೆ: ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ, ಹಳೇ ಟಿಸಿ, ಮದುವೆ ಪತ್ರಿಕೆ. ಹಾಗಾಗಿ ಯಾವ ದಾರಿ ಯಾರಿಗೆ ಹೊಂದುತ್ತದೆ, ಎಲ್ಲಿ ತೊಡಕು ಅನ್ನುವುದು ಗೊತ್ತಾಗಿದೆ.

ಎಲ್ಲರೂ ಮೊದಲು ಕೇಳುವುದು "ಯಾವ ವೀಸಾ ಸಿಗುತ್ತೆ?" ಅಂತ. ನಾನು ಕೇಳುವುದು ಬೇರೆ. ವರ್ಷದಲ್ಲಿ ಜಾಸ್ತಿ ತಿಂಗಳು ಎಲ್ಲಿ ಇರುತ್ತೀರಿ? ದಾವಣಗೆರೆಯಲ್ಲೇ ಅನ್ನುವುದಾದರೆ ಗ್ರೀನ್ ಕಾರ್ಡ್, ಅಂದರೆ ಅಮೆರಿಕದ ಕಾಯಂ ನಿವಾಸದ ಕಾರ್ಡ್, ನಿಮಗೆ ತಲೆನೋವು. ಮಕ್ಕಳ ಮನೆಯಲ್ಲೇ ಅನ್ನುವುದಾದರೆ ವಿಸಿಟರ್ ವೀಸಾ ತಲೆನೋವು. ಮಿಕ್ಕಿದ್ದೆಲ್ಲ ಇದರ ವಿವರ.

ಮೊದಲು ಮಗನ ಕಾಗದ ನೋಡಿ

"ಮಗ ಅಮೆರಿಕದಲ್ಲಿ ಸೆಟಲ್ ಆಗಿದ್ದಾನೆ" ಅಂದರೆ ಕಾನೂನಿಗೆ ಏನೂ ಹೇಳಿದಂತಾಗುವುದಿಲ್ಲ. ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್ ಕೇಳುವ ಹಕ್ಕು ಅಮೆರಿಕದ ಪ್ರಜೆಗೆ ಮಾತ್ರ ಇದೆ. ಅವರಿಗೆ 21 ವರ್ಷ ತುಂಬಿರಬೇಕು. ಗ್ರೀನ್ ಕಾರ್ಡ್ ಮಾತ್ರ ಇರುವ ಮಗ ಹೆಂಡತಿಗೆ, ಮದುವೆಯಾಗದ ಮಕ್ಕಳಿಗೆ ಅರ್ಜಿ ಹಾಕಬಹುದು. ಹೆತ್ತವರಿಗೆ ಆಗುವುದಿಲ್ಲ. ಎಚ್‌-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವವನಿಗಂತೂ ಆ ಪ್ರಶ್ನೆಯೇ ಇಲ್ಲ.

ನಮ್ಮ ಬಿಐಇಟಿ, ಯುಬಿಡಿಟಿ ಕಾಲೇಜಿನಲ್ಲಿ ಓದಿ ಹೋದ ಹುಡುಗರಲ್ಲಿ ಎಷ್ಟೋ ಜನ ಇನ್ನೂ ಎಚ್‌-1ಬಿಯಲ್ಲೇ ಇದ್ದಾರೆ. ಭಾರತದಲ್ಲಿ ಹುಟ್ಟಿದವರ ಉದ್ಯೋಗದ ಸಾಲು ಅಷ್ಟು ಉದ್ದ. 2025ರ ಅಕ್ಟೋಬರ್‌ನಲ್ಲೂ ಇಬಿ-2 ಅನ್ನುವ ಉದ್ಯೋಗದ ಗ್ರೀನ್ ಕಾರ್ಡ್ ವಿಭಾಗದಲ್ಲಿ 2013ರ ಅರ್ಜಿಗಳೇ ನಡೆಯುತ್ತಿದ್ದವು. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಪ್ರಜೆಯಾಗಲು ಸಾಮಾನ್ಯವಾಗಿ ಇನ್ನೂ 5 ವರ್ಷ. ಇಂಥವರ ತಂದೆ-ತಾಯಿಗೆ ಆಯ್ಕೆ ಒಂದೇ, ವಿಸಿಟರ್ ವೀಸಾ. ಅವರು ಮುಂದಿನ ವಿಸಿಟರ್ ವೀಸಾ ಭಾಗ ಓದಿ, ಗ್ರೀನ್ ಕಾರ್ಡಿನ ಮಾತನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ.

ವಿಸಿಟರ್ ವೀಸಾ: ಹೋಗಿ ಬರುವವರಿಗೆ

ಬಿ-1/ಬಿ-2 ಅನ್ನುವುದು ಇದನ್ನೇ. ಒಬ್ಬರಿಗೆ 185 ಡಾಲರ್ ಶುಲ್ಕ. 2025ರ ಜುಲೈಯಲ್ಲಿ ಆದ ಕಾನೂನಿನಲ್ಲಿ 250 ಡಾಲರ್‌ನ ಇನ್ನೊಂದು ಶುಲ್ಕಕ್ಕೂ ಅವಕಾಶ ಇದೆ, ದುಡ್ಡು ಕಟ್ಟುವ ದಿನ ಸರ್ಕಾರಿ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ. ಸಿಕ್ಕರೆ ಸಾಮಾನ್ಯವಾಗಿ 10 ವರ್ಷದ್ದು, ಎಷ್ಟು ಸಲ ಬೇಕಾದರೂ ಹೋಗಿಬರುವಂಥದ್ದು.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾಯಿತು. ಇನ್ನು ವೀಸಾಕ್ಕೆ ಬೆಂಗಳೂರಿಗೇ ಹೋದರಾಯಿತು ಅಂತ ಇಲ್ಲಿ ಎಲ್ಲರಿಗೂ ಖುಷಿ. ಆದರೆ ಶುರುವಿನಲ್ಲಿ ಅಲ್ಲಿ ವೀಸಾ ಕೆಲಸ ಇರಲಿಲ್ಲ. ನಮ್ಮ ಕಡೆಯವರು ಹೋಗುತ್ತಿದ್ದದ್ದು ಚೆನ್ನೈಗೆ, ಇಲ್ಲವೇ ಹೈದರಾಬಾದಿಗೆ. ಇನ್ನೊಂದು ಬದಲಾವಣೆ: ಮೊದಲು 79 ದಾಟಿದವರಿಗೆ ಸಂದರ್ಶನದಿಂದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ಅದು ಹೋಯಿತು. ಅಜ್ಜಿಯೂ ಕಿಟಕಿ ಮುಂದೆ ನಿಲ್ಲಬೇಕು.

ಆ ಕಿಟಕಿಯಲ್ಲಿ ನಡೆಯುವುದು ಒಂದೆರಡು ನಿಮಿಷದ ಮಾತು. ಕಾನೂನು ಪ್ರಕಾರ ಅಧಿಕಾರಿ ನಿಮ್ಮನ್ನು "ಇವರು ಅಲ್ಲೇ ಉಳಿಯೋಕೆ ಹೊರಟವರು" ಅಂದುಕೊಂಡೇ ಶುರು ಮಾಡುತ್ತಾರೆ. ಹಾಗಲ್ಲ ಅಂತ ತೋರಿಸುವುದು ನಿಮ್ಮ ಹೊಣೆ. 214(ಬಿ) ಅಂತ ಬರೆದ ಚೀಟಿ ಕೈಗೆ ಬಂದರೆ ಅದು ಆಗಲಿಲ್ಲ ಅಂತ ಅರ್ಥ. ಇಲ್ಲಿ ಮನೆ, ತೋಟ, ಪಿಂಚಣಿ, ಇನ್ನೊಬ್ಬ ಮಗ ಇರುವುದೇ ನಿಮ್ಮ ಬಲ. ಫೈಲು ದಪ್ಪಗಿದ್ದರೆ ವೀಸಾ ಸಿಗುತ್ತದೆ ಅನ್ನುವುದು ಸುಮ್ನೆ ಮಾತು. ಎಷ್ಟೋ ಸಲ ಫೈಲು ತೆಗೆಯುವುದೇ ಇಲ್ಲ.

ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರಿಗೆ ಒಂದು ಮಾತು. "ಬಾಣಂತನ ಅನ್ನಬೇಡಿ, ಟೂರ್ ಅನ್ನಿ" ಅಂತ ಹೇಳಿಕೊಡುವವರು ಇದ್ದಾರೆ. ಕೇಳಬೇಡಿ. ಮಗಳ ಹೆರಿಗೆ ಸಮಯದಲ್ಲಿ ಜೊತೆಗಿರಲು ಹೋಗುತ್ತೇನೆ, ಇಂಥ ತಿಂಗಳು ವಾಪಸ್ ಬರುತ್ತೇನೆ ಅನ್ನುವುದು ಸತ್ಯ, ಅದನ್ನೇ ಹೇಳಿ. ತುಂಬು ಗರ್ಭಿಣಿ ಮಗಳ ಮನೆಗೆ ಹೊರಟು ಡಿಸ್ನಿಲ್ಯಾಂಡ್ ನೋಡೋಕೆ ಅಂದರೆ ಯಾರು ನಂಬುತ್ತಾರೆ?

ಈಗ ಎಲ್ಲರೂ ಎಡವುವ ಜಾಗ. ವೀಸಾದ ಮೇಲೆ 2035 ಅಂತ ಇದೆ ಅಂದ ಮಾತ್ರಕ್ಕೆ 2035ರವರೆಗೆ ಇರಬಹುದು ಅಂತಲ್ಲ. ವೀಸಾ ಬಾಗಿಲು ತಟ್ಟುವುದಕ್ಕೆ. ಒಳಗೆ ಎಷ್ಟು ದಿನ ಅನ್ನುವುದು ವಿಮಾನ ನಿಲ್ದಾಣದ ಅಧಿಕಾರಿ ಕೊಡುವ ಐ-94ರಲ್ಲಿ ಇರುತ್ತದೆ. ಸಾಮಾನ್ಯವಾಗಿ 6 ತಿಂಗಳು. ಇಳಿದ ವಾರದಲ್ಲೇ ಮಗನಿಗೆ ಹೇಳಿ ಆನ್‌ಲೈನ್‌ನಲ್ಲಿ ಐ-94 ತೆಗೆಸಿ, ತಾರೀಖು ನೋಡಿ. ಆ ತಾರೀಖು ದಾಟಿ 180 ದಿನಕ್ಕಿಂತ ಜಾಸ್ತಿ ಉಳಿದು ಹೊರಬಂದರೆ 3 ವರ್ಷ ಒಳಗೆ ಬಿಡುವುದಿಲ್ಲ. ಒಂದು ವರ್ಷ ಅಥವಾ ಅದಕ್ಕೂ ಮೇಲೆ ಉಳಿದರೆ 10 ವರ್ಷ.

ಆರು ತಿಂಗಳು ಅಲ್ಲಿ, ಒಂದೂವರೆ ತಿಂಗಳು ಇಲ್ಲಿ, ಮತ್ತೆ ಆರು ತಿಂಗಳು ಅಲ್ಲಿ ಅಂತ ಮಾಡುವವರೂ ಇದ್ದಾರೆ. ಇಷ್ಟೇ ಸಲ ಅಂತ ಕಾನೂನಿನಲ್ಲಿ ಲೆಕ್ಕ ಬರೆದಿಲ್ಲ ನಿಜ. ಆದರೆ "ನೀವು ಇಲ್ಲೇ ವಾಸ ಮಾಡ್ತಿದ್ದೀರಲ್ಲಾ" ಅಂತ ನಿಲ್ದಾಣದಲ್ಲಿ ಕೇಳಿದರೆ ಉತ್ತರ ಕಷ್ಟ. ವಾಪಸ್ ಕಳಿಸುವ ಅಧಿಕಾರ ಅವರಿಗಿದೆ. ಅಲ್ಲಿದ್ದಷ್ಟು ದಿನಕ್ಕಿಂತ ಜಾಸ್ತಿ ದಿನ ಇಲ್ಲಿದ್ದು ಹೋಗುವುದು ಒಳ್ಳೆಯದು.

ವಿಮೆ ಮರೆಯಬೇಡಿ. ಸಕ್ಕರೆ, ಬಿಪಿ ಮೊದಲೇ ಇದ್ದರೆ ಅಗ್ಗದ ಪ್ರವಾಸ ವಿಮೆ ಅದನ್ನು ಹೊರಗಿಡುತ್ತದೆ. ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಏನು ಬರೆದಿದೆ ಅನ್ನುವ ಆ ಒಂದು ಪುಟವನ್ನಾದರೂ ಓದಿ.

ಗ್ರೀನ್ ಕಾರ್ಡ್: ಅಲ್ಲೇ ಇರುವವರಿಗೆ

ಪ್ರಜೆಯ ಹೆತ್ತವರಿಗೆ ಐಆರ್‌-5 ಅನ್ನುವ ವಿಭಾಗ. ಇದರ ದೊಡ್ಡ ಅನುಕೂಲ, ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ. ಸಾಲಿಲ್ಲ. ಆದರೂ ಅರ್ಜಿ ನೋಡುವುದಕ್ಕೆ, ಕಾಗದ ಸೇರಿಸುವುದಕ್ಕೆ, ಸಂದರ್ಶನದ ದಿನ ಸಿಗುವುದಕ್ಕೆ ಹೊತ್ತು ಹಿಡಿಯುತ್ತದೆ. ಒಂದೂವರೆ, ಎರಡು ವರ್ಷ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಅಪ್ಪನಿಗೆ ಒಂದು, ಅಮ್ಮನಿಗೆ ಒಂದು, ಬೇರೆ ಬೇರೆ ಐ-130 ಅರ್ಜಿ ಹಾಕಬೇಕು. ಅಪ್ಪನ ಜೊತೆ ಅಮ್ಮ ತಾನಾಗಿ ಸೇರುವುದಿಲ್ಲ. ಮನೆಯಲ್ಲಿ ಇನ್ನೂ ಓದುತ್ತಿರುವ ತಂಗಿಯೂ ಸೇರುವುದಿಲ್ಲ. ಆನ್‌ಲೈನ್ ಐ-130ಗೆ 625 ಡಾಲರ್, ಕಾಗದದಲ್ಲಿ ಹಾಕಿದರೆ 675. ಆಮೇಲೆ ವೀಸಾಕ್ಕೆ 325, ಪೋಷಣೆಯ ಮುಚ್ಚಳಿಕೆ ಪರಿಶೀಲನೆಗೆ 120, ಕೊನೆಗೆ ಕಾರ್ಡಿಗೆ 235. ತಲೆಗೆ ಸುಮಾರು 1,300 ಡಾಲರ್ ಆಯಿತು. ವೈದ್ಯಕೀಯ ತಪಾಸಣೆ, ಪೊಲೀಸ್ ಕ್ಲಿಯರೆನ್ಸ್, ಓಡಾಟ ಇದಕ್ಕೆ ಸೇರಿಲ್ಲ. ವಲಸೆ ವೀಸಾದ ಸಂದರ್ಶನ ನಮ್ಮವರಿಗೆ ಹೆಚ್ಚಾಗಿ ಮುಂಬೈನಲ್ಲಿ. ಚೆನ್ನೈ ಅಂದುಕೊಂಡು ಟಿಕೆಟ್ ಮಾಡಿಸಬೇಡಿ.

ಐ-864 ಅನ್ನುವ ಮುಚ್ಚಳಿಕೆಗೆ ಮಗ ಸಹಿ ಹಾಕುತ್ತಾನೆ. ಮನೆಯ ಒಟ್ಟು ಜನಕ್ಕೆ ಅಮೆರಿಕ ನಿಗದಿ ಮಾಡಿದ ಬಡತನ ರೇಖೆಯ 125%ರಷ್ಟು ಆದಾಯ ಇರಬೇಕು. ಮಗ, ಸೊಸೆ, ಒಂದು ಮಗು, ನೀವಿಬ್ಬರು ಸೇರಿ ಐದು ಜನ ಅಂದರೆ 2025ರ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 47,000 ಡಾಲರ್. ಸಾಫ್ಟ್‌ವೇರ್ ಕೆಲಸದವರಿಗೆ ಇದು ಕಷ್ಟವಲ್ಲ. ಆದರೆ ಇದು ಸುಮ್ನೆ ಫಾರಂ ಅಲ್ಲ, ಕೋರ್ಟಿನಲ್ಲಿ ನಿಲ್ಲುವ ಒಪ್ಪಂದ. ನೀವು ಪ್ರಜೆಯಾಗುವವರೆಗೆ, ಇಲ್ಲವೇ ಸುಮಾರು 10 ವರ್ಷ ದುಡಿದ ಲೆಕ್ಕ ತುಂಬುವವರೆಗೆ, ಇಲ್ಲವೇ ಕಾರ್ಡ್ ಬಿಟ್ಟು ದೇಶ ಬಿಡುವವರೆಗೆ ಆ ಹೊಣೆ ನಡೆಯುತ್ತದೆ.

ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ಇರುತ್ತದೆ. ಹಿಂದೆ ಯಾವಾಗಲೋ ಟಿಬಿ ಬಂದು ವಾಸಿಯಾದ ಗುರುತು ಕಂಡರೂ ಕಫದ ಕಲ್ಚರ್ ಪರೀಕ್ಷೆಗೆ ಕಳಿಸಬಹುದು. ಅದರ ಫಲಿತಾಂಶಕ್ಕೇ ಸುಮಾರು 8 ವಾರ. ಹಳೇ ಚಿಕಿತ್ಸೆಯ ಚೀಟಿ ಇದ್ದರೆ ಜೊತೆಗೆ ತಗೊಂಡು ಹೋಗಿ.

ಕಾರ್ಡ್ ಬಂದ ಮೇಲೆ ಶುರುವಾಗುವ ಕಥೆಯನ್ನು ಮಕ್ಕಳು ಫೋನಿನಲ್ಲಿ ಹೇಳುವುದು ಕಡಿಮೆ. ಗ್ರೀನ್ ಕಾರ್ಡ್ ಅಂದರೆ "ಇದೇ ನನ್ನ ಮನೆ" ಅಂತ ಒಪ್ಪಿಕೊಂಡಂತೆ. 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದು ಹೋದರೆ ಪ್ರಶ್ನೆ ಏಳುತ್ತದೆ. ಒಂದು ವರ್ಷ ದಾಟಿದರೆ ಕಾರ್ಡ್ ತೋರಿಸಿ ಒಳಗೆ ಹೋಗುವಂತಿಲ್ಲ. ಮೊದಲೇ ಗೊತ್ತಿದ್ದರೆ ರೀ-ಎಂಟ್ರಿ ಪರ್ಮಿಟ್ ಮಾಡಿಸಬಹುದು, ಸಾಮಾನ್ಯವಾಗಿ 2 ವರ್ಷದವರೆಗೆ. ಆದರೆ ಆ ಅರ್ಜಿಯನ್ನು ಅಮೆರಿಕದಲ್ಲಿ ಇದ್ದಾಗಲೇ ಹಾಕಬೇಕು. ದಾವಣಗೆರೆಗೆ ಬಂದು ನೆನಪಾದರೆ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ಎರಡು ವಾರ ಹೋಗಿ "ಮುಖ ತೋರಿಸಿ" ಬಂದರೆ ಸಾಕು ಅನ್ನುವ ನಂಬಿಕೆ ಇಲ್ಲಿ ಬಹಳ ಹಬ್ಬಿದೆ. ಅದು ತಪ್ಪು. ಅಧಿಕಾರಿ ನೋಡುವುದು ನಿಮ್ಮ ವಾಸ ಎಲ್ಲಿ ಅಂತ, ಮುಖ ಎಷ್ಟು ಸಲ ಕಂಡಿತು ಅಂತಲ್ಲ.

ಆಸ್ಪತ್ರೆಯ ವಿಚಾರ. 65 ದಾಟಿದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಇದೆಯಲ್ಲ ಅಂತ ಹೇಳುತ್ತಾರೆ. ಹೊಸದಾಗಿ ಹೋದ ಹೆತ್ತವರು ಸತತ 5 ವರ್ಷ ಅಲ್ಲಿ ವಾಸ ಮಾಡಿದ ಮೇಲಷ್ಟೇ ದುಡ್ಡು ಕಟ್ಟಿ ಅದಕ್ಕೆ ಸೇರಬಹುದು. ಅಲ್ಲಿ ದುಡಿದ ಲೆಕ್ಕ ಇಲ್ಲದಿದ್ದರೆ ಆಸ್ಪತ್ರೆ ಭಾಗಕ್ಕೇ 2025ರಲ್ಲಿ ತಿಂಗಳಿಗೆ 500 ಡಾಲರ್‌ಗೂ ಜಾಸ್ತಿ. ಅಲ್ಲಿಯವರೆಗೆ ಖಾಸಗಿ ವಿಮೆ. ಸಂಬಂಧಿಕರ ಆಸ್ಪತ್ರೆಗೆ ಆಟೋದಲ್ಲಿ ಹೋಗಿ ಬರುವ ದಾವಣಗೆರೆಯವರು ಇದನ್ನು ಮೊದಲೇ ಯೋಚಿಸಬೇಕು.

ಹಾಗಾದರೆ ಗ್ರೀನ್ ಕಾರ್ಡ್ ಯಾರಿಗೆ? ನನ್ನ ಪ್ರಕಾರ ಒಬ್ಬರೇ ಉಳಿದ ತಾಯಿಗೆ ಅಥವಾ ತಂದೆಗೆ, ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ. ಮಕ್ಕಳೆಲ್ಲ ಅಲ್ಲೇ ಇದ್ದು, ಇಲ್ಲಿ ಬೀಗ ಹಾಕಿದ ಮನೆ ಬಿಟ್ಟರೆ ಬೇರೇನೂ ಇಲ್ಲದವರಿಗೆ. ಅರವತ್ತರ ಒಳಗಿದ್ದು, ಅಲ್ಲಿ ಕೆಲಸ ಮಾಡುವ ಮನಸ್ಸಿರುವವರಿಗೂ ಸರಿ. ಇಬ್ಬರೂ ಗಟ್ಟಿಮುಟ್ಟಾಗಿದ್ದು, ದಸರಾದಿಂದ ಯುಗಾದಿವರೆಗೆ ಹೋಗಿ ಮಳೆಗಾಲಕ್ಕೆ ವಾಪಸ್ ಬರುವ ದಂಪತಿಗೆ ವಿಸಿಟರ್ ವೀಸಾನೇ ಸಾಕು.

ಅಡಿಕೆ ತೋಟ, ಬಾಡಿಗೆ ಮನೆ ಇರುವವರು

ಇದು ನನ್ನ ಕಸುಬಿನ ಜಾಗ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಅಮೆರಿಕದ ತೆರಿಗೆಗೆ ನೀವು ಅಲ್ಲಿನವರೇ. ಪ್ರಪಂಚದ ಯಾವ ಮೂಲೆಯಲ್ಲಿ ಆದಾಯ ಬಂದರೂ ಅಲ್ಲಿ ತೋರಿಸಬೇಕು. ಚನ್ನಗಿರಿ ಕಡೆ ಐದು ಎಕರೆ ಅಡಿಕೆ ಇದೆ ಅನ್ನಿ. ಕೃಷಿ ಆದಾಯಕ್ಕೆ ಇಲ್ಲಿ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಂತ ಅಮೆರಿಕ ಬಿಡುವುದಿಲ್ಲ. ಅದಕ್ಕೆ ಕೃಷಿ ವಿನಾಯಿತಿ ಅನ್ನುವುದೇ ಗೊತ್ತಿಲ್ಲ. ಬಾಡಿಗೆ, ಬ್ಯಾಂಕ್ ಬಡ್ಡಿಗೆ ಇಲ್ಲಿ ತೆರಿಗೆ ಕಟ್ಟಿದ್ದರೆ ಅಲ್ಲಿನ ತೆರಿಗೆಯಲ್ಲಿ ಅದನ್ನು ಕಳೆಯಬಹುದು. ಅಡಿಕೆಗೆ ಇಲ್ಲಿ ತೆರಿಗೆ ಕಟ್ಟಿಯೇ ಇಲ್ಲವಲ್ಲ, ಕಳೆಯುವುದಕ್ಕೆ ಏನಿದೆ?

ಬ್ಯಾಂಕ್ ಖಾತೆಗಳದ್ದು ಇನ್ನೊಂದು. ಅಮೆರಿಕದ ಹೊರಗಿನ ಖಾತೆಗಳಲ್ಲಿ ವರ್ಷದ ಯಾವುದೇ ದಿನ ಒಟ್ಟು 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಅನ್ನುವ ವರದಿ ಕೊಡಬೇಕು. ನಿವೃತ್ತಿ ದುಡ್ಡು ಎಫ್‌ಡಿಯಲ್ಲಿ ಇಟ್ಟಿರುವ ಮೇಷ್ಟ್ರಿಗೆ ಇದು ಮೊದಲ ದಿನವೇ ದಾಟುತ್ತದೆ. ತೆರಿಗೆ ಬಾಕಿ ಇಲ್ಲದಿದ್ದರೂ ವರದಿ ಕೊಡದೇ ಇದ್ದದ್ದಕ್ಕೇ ದಂಡ ಇದೆ. ಮಗನ ಖಾತೆಗೆ ಅಮ್ಮನ ಹೆಸರು, ಅಮ್ಮನ ಎಫ್‌ಡಿಗೆ ಮಗನ ಹೆಸರು ಜಂಟಿಯಾಗಿ ಸೇರಿಸಿರುವ ನಮ್ಮ ಪದ್ಧತಿ ಇಲ್ಲಿ ಇಬ್ಬರನ್ನೂ ಸಿಕ್ಕಿಸುತ್ತದೆ. ನಮ್ಮ ಮ್ಯೂಚುವಲ್ ಫಂಡ್‌ಗಳಿಗೆ ಅಲ್ಲಿ ಬೇರೆಯೇ, ಬಿಗಿಯಾದ ನಿಯಮ. ಹೋಗುವ ಮೊದಲೇ ಅಲ್ಲಿನ ತೆರಿಗೆ ತಿಳಿದವರನ್ನು ಕೇಳಿ, ಹೋದ ಮೇಲೆ ಅಲ್ಲ.

ನಮ್ಮ ಕಡೆಯ ಕಾನೂನೂ ಸುಮ್ಮನಿರುವುದಿಲ್ಲ. ನೀವು ಅನಿವಾಸಿ ಆದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು. ಇರುವ ಜಮೀನು ನಿಮ್ಮದೇ, ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಪಕ್ಕದ ಎರಡು ಎಕರೆ ಕೊಳ್ಳೋಣ ಅಂದರೆ ಫೆಮಾ ಅನ್ನುವ ವಿದೇಶಿ ವಿನಿಮಯ ಕಾನೂನು ಬಿಡುವುದಿಲ್ಲ. ಅನಿವಾಸಿಗಳು ಕೃಷಿ ಭೂಮಿಯನ್ನು ಪಿತ್ರಾರ್ಜಿತವಾಗಿ ಪಡೆಯಬಹುದು, ಖರೀದಿ ಮಾಡುವಂತಿಲ್ಲ. 2020ರಲ್ಲಿ ಕರ್ನಾಟಕ ಭೂ ಸುಧಾರಣೆ ಕಾಯ್ದೆ ಸಡಿಲಾಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಅದು ರಾಜ್ಯದ ಕಾನೂನು. ಫೆಮಾ ಕೇಂದ್ರದ್ದು, ಅದು ಹಾಗೇ ಇದೆ.

ವಿಸಿಟರ್ ವೀಸಾದಲ್ಲಿ ಹೋಗಿ ಬರುವವರಿಗೆ ಈ ರಗಳೆ ಬಹುಮಟ್ಟಿಗೆ ಇಲ್ಲ. ವರ್ಷದಲ್ಲಿ ಅಲ್ಲಿ ಇದ್ದ ದಿನಗಳ ಲೆಕ್ಕ ಮಾತ್ರ ಬರೆದಿಟ್ಟುಕೊಂಡಿರಿ.

ಅಲ್ಲಿ ಹೋಗಿ ಅರ್ಜಿ ಹಾಕುವುದಾ, ಇಲ್ಲಿಂದಲೇ ಹಾಕುವುದಾ?

ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲೇ ಐ-485 ಅನ್ನುವ ಅರ್ಜಿ ಹಾಕಿ ಗ್ರೀನ್ ಕಾರ್ಡ್ ಮಾಡಿಸಿಕೊಂಡವರ ಉದಾಹರಣೆ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಪ್ರಜೆಯ ಹೆತ್ತವರಿಗೆ ಕಾನೂನು ಈ ದಾರಿ ಇಟ್ಟಿದೆ, ನಿಜ. ಹೋದ ಮೇಲೆ ಪರಿಸ್ಥಿತಿ ಬದಲಾಗಿ ಅಲ್ಲೇ ಉಳಿಯಬೇಕಾದರೆ ತೊಂದರೆ ಇಲ್ಲ. ಆದರೆ ಮೊದಲೇ ತೀರ್ಮಾನ ಮಾಡಿಕೊಂಡು, ಅಧಿಕಾರಿ ಮುಂದೆ "ಮೂರು ತಿಂಗಳು ನೋಡಿ ಬರ್ತೀನಿ" ಅಂದು ಒಳಗೆ ಹೋದರೆ ಅದು ಸುಳ್ಳು. ಸುಳ್ಳು ಹೇಳಿ ವೀಸಾ ಪಡೆದರು ಅಂತ ತೀರ್ಮಾನವಾದರೆ ಜೀವನಪೂರ್ತಿ ಬಾಗಿಲು ಮುಚ್ಚಬಹುದು.

ಖರ್ಚೂ ಜಾಸ್ತಿ. ಐ-485ಗೆ 1,440 ಡಾಲರ್, ಐ-130 ಅದಕ್ಕೆ ಬೇರೆ. ಎಲ್ಲಕ್ಕಿಂತ ದೊಡ್ಡ ತೊಂದರೆ, ಅರ್ಜಿ ಬಾಕಿ ಇರುವಾಗ ಅಡ್ವಾನ್ಸ್ ಪೆರೋಲ್ ಅನ್ನುವ ಅನುಮತಿ ಇಲ್ಲದೆ ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಊರಿನಲ್ಲಿ ಅಣ್ಣ ತೀರಿಕೊಂಡರು, ಮಣ್ಣಿಗೆ ಬರೋಕಾಗುವುದಿಲ್ಲ. ಇಂಥ ಫೋನ್ ಕರೆಗಳನ್ನು ಕೇಳಿದ್ದೇನೆ. ಹಾಗಾಗಿ ಕಾರ್ಡ್ ಬೇಕೇ ಬೇಕು ಅಂತ ಗಟ್ಟಿಯಾದವರಿಗೆ ಇಲ್ಲಿಂದಲೇ, ಮುಂಬೈ ದಾರಿಯೇ ನೆಮ್ಮದಿ.

ಒಂದು ಎಚ್ಚರ. ಐ-130 ಹಾಕಿದ ಮೇಲೆ ವಿಸಿಟರ್ ವೀಸಾಕ್ಕೆ ಹೋದರೆ ಡಿಎಸ್‌-160 ಫಾರಂನಲ್ಲಿ "ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರಾ" ಅಂತ ಪ್ರಶ್ನೆ ಇದೆ. ಹೌದು ಅನ್ನಲೇಬೇಕು. ಅಂದ ಮೇಲೆ ವಾಪಸ್ ಬರುತ್ತೇನೆ ಅಂತ ನಂಬಿಸುವುದು ಕಷ್ಟ. ಸದ್ಯಕ್ಕೆ ವಿಸಿಟರ್ ವೀಸಾ ಮಾಡಿಸೋಣ, ಜೊತೆಗೆ ಗ್ರೀನ್ ಕಾರ್ಡಿಗೂ ಹಾಕಿಡೋಣ ಅನ್ನುವ ಯೋಚನೆ ಎರಡನ್ನೂ ಕೆಡಿಸುತ್ತದೆ.

ಚಿತ್ರದುರ್ಗ ಜಿಲ್ಲೆ ಅಂತ ಇದೆಯಲ್ಲಾ!

ದಾವಣಗೆರೆಯವರ ವಿಶೇಷ ಗೋಳು ಇದು. ನಮ್ಮ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಲ್ಲಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿ. ಹರಪನಹಳ್ಳಿ ಬಳ್ಳಾರಿಯಿಂದ ಬಂದು, ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರದಲ್ಲಿದೆ. ಹರಿಹರದ ಒಬ್ಬ ಯಜಮಾನರ ಕಾಗದ ಹೀಗಿತ್ತು: ಟಿಸಿಯಲ್ಲಿ ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ. ಪಾಸ್‌ಪೋರ್ಟಿನಲ್ಲಿ ಹರಿಹರ, ಕರ್ನಾಟಕ. ಆಧಾರ್‌ನಲ್ಲಿ ದಾವಣಗೆರೆ. ಊರಿನ ಇಂಗ್ಲಿಷ್ ಕಾಗುಣಿತವೂ ಒಂದರಲ್ಲಿ "ದಾವಣಗೆರೆ", ಇನ್ನೊಂದರಲ್ಲಿ "ದಾವಣ್‌ಗೆರೆ". "ಟಿಸಿ ತಿದ್ದಿಸಲಾ?" ಅಂತ ಕೇಳಿದರು. ಬೇಡ. ಹಳೇ ದಾಖಲೆ ಆ ಕಾಲಕ್ಕೆ ಸರಿಯಾಗೇ ಇದೆ. ಫಾರಂಗಳಲ್ಲೆಲ್ಲ ಪಾಸ್‌ಪೋರ್ಟಿನಂತೆ ಒಂದೇ ರೀತಿ ಬರೆಯಿರಿ, ಜಿಲ್ಲೆ ಬದಲಾದ ಬಗ್ಗೆ ಒಂದು ಸಾಲಿನ ವಿವರಣೆ ಜೊತೆಗಿಡಿ.

ಜನನ ಪ್ರಮಾಣಪತ್ರ ಇನ್ನೊಂದು. ಜನನ-ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. 1955ರಲ್ಲಿ ಹಳ್ಳಿಯಲ್ಲಿ ಹುಟ್ಟಿದವರಿಗೆ ಅದು ಎಲ್ಲಿ ಸಿಗಬೇಕು? ನಗರದಲ್ಲಾದರೆ ಪಾಲಿಕೆ, ಹಳ್ಳಿಯಲ್ಲಾದರೆ ಗ್ರಾಮ ಆಡಳಿತಾಧಿಕಾರಿ, ಹಳೇ ರಿಜಿಸ್ಟರ್‌ಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್. ಅಲ್ಲೆಲ್ಲ ಹುಡುಕಿ ಸಿಗದಿದ್ದರೆ ನಾನ್ ಅವೈಲಬಿಲಿಟಿ ಸರ್ಟಿಫಿಕೇಟ್ ಪಡೆಯಬೇಕು. ಇಲ್ಲಿ ಫಾರಂ 10 ಅನ್ನುತ್ತಾರೆ. ಅದರ ಜೊತೆ ನಿಮ್ಮ ಹುಟ್ಟು ಬಲ್ಲ ಹಿರಿಯರ ಎರಡು ಅಫಿಡವಿಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಟಿಸಿ. ಇಷ್ಟಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ದುಡ್ಡು ಕೊಟ್ಟು ಈಗ ಹೊಸದಾಗಿ ಜನನ ಪತ್ರ "ಮಾಡಿಸುವ" ಆಸೆಗೆ ಬೀಳಬೇಡಿ. ಎಪ್ಪತ್ತು ವರ್ಷದವರ ಜನನ ಹೋದ ವರ್ಷ ನೋಂದಣಿಯಾದರೆ ಅನುಮಾನ ಬರುವುದು ಸಹಜ, ಅಲ್ವಾ?

ಮಗನ ಜನನ ಪತ್ರವನ್ನೂ ತೆಗೆದು ನೋಡಿ. ಎಂಬತ್ತರ ದಶಕದ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, "ಗಂಡು" ಅಂತ ಮಾತ್ರ ಇರುವುದು ಮಾಮೂಲು. ತಾಯಿಯ ಹೆಸರು ಅಲ್ಲಿ ಗಂಗಮ್ಮ, ಪಾಸ್‌ಪೋರ್ಟಿನಲ್ಲಿ ಗಂಗಾಂಬಿಕೆ. ಇಂಥದ್ದನ್ನು ಅರ್ಜಿ ಹಾಕುವ ಮೊದಲು ಸರಿಮಾಡಿಸಿ. ಹಾಕಿದ ಮೇಲೆ ಅವರು ಕೇಳಿದರೆ ತಿಂಗಳುಗಟ್ಟಲೆ ನಿಲ್ಲುತ್ತದೆ.

ಅಮ್ಮನ ಅರ್ಜಿಗೆ ಮಗನ ಜನನ ಪತ್ರ ಇದ್ದರೆ ಸಂಬಂಧ ಗೊತ್ತಾಗುತ್ತದೆ. ಅಪ್ಪನ ಅರ್ಜಿಗೆ ಅಪ್ಪ-ಅಮ್ಮನ ಮದುವೆಯ ಪುರಾವೆಯೂ ಬೇಕು. 1978ರ ಮದುವೆಯನ್ನು ಯಾರು ನೋಂದಾಯಿಸಿದ್ದಾರೆ? ಹಿಂದೂ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗಲೂ ಮಾಡಿಸಬಹುದು. ಲಗ್ನಪತ್ರಿಕೆ, ಹಳೇ ಕಪ್ಪು-ಬಿಳುಪು ಫೋಟೋ, ಸಾಕ್ಷಿಗಳು ಬೇಕು. ಪೆಟ್ಟಿಗೆ ತಳದಲ್ಲಿರುವ ಲಗ್ನಪತ್ರಿಕೆ ಎಸೆಯಬೇಡಿ.

ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ

ಇಲ್ಲೂ ಹುಡುಗನ ಕಾಗದವೇ ಮೊದಲು. ಹುಡುಗ ಎಚ್‌-1ಬಿ ಆದರೆ ಹುಡುಗಿ ಎಚ್‌-4. ಅದು ಹೆಂಡತಿಗೆ ಕೊಡುವ ವೀಸಾ, ಆದರೆ ಕೆಲಸ ಮಾಡುವಂತಿಲ್ಲ. 2015ರಿಂದ ಒಂದು ವಿನಾಯಿತಿ ಇದೆ: ಗಂಡನ ಐ-140, ಅಂದರೆ ಅವನಿಗಾಗಿ ಕಂಪನಿ ಹಾಕಿದ ಗ್ರೀನ್ ಕಾರ್ಡ್ ಅರ್ಜಿ, ಮಂಜೂರಾಗಿದ್ದರೆ ಅಥವಾ ಅವನ ಎಚ್‌-1ಬಿ ಆರು ವರ್ಷದ ಆಚೆಗೆ ಮುಂದುವರಿದಿದ್ದರೆ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಎಂ.ಟೆಕ್ ಓದಿದ ಹುಡುಗಿಯ ಮನೆಯವರು ಸಂಬಳ ಕೇಳುವ ಬದಲು ಐ-140 ಆಗಿದೆಯಾ ಅಂತ ಕೇಳಿದರೆ ಒಳ್ಳೆಯದು.

ಗ್ರೀನ್ ಕಾರ್ಡ್ ಇರುವ ಹುಡುಗನಾದರೆ ಎಫ್‌2ಎ ವಿಭಾಗ. ಎರಡು-ಮೂರು ವರ್ಷ ಕಾಯಬೇಕಾಗಬಹುದು. ಅಷ್ಟರಲ್ಲಿ ಅವನು ಪ್ರಜೆಯಾದರೆ ಅರ್ಜಿ ಮಿತಿಯಿಲ್ಲದ ವಿಭಾಗಕ್ಕೆ ಏರುತ್ತದೆ. ಆದರೆ ತಾಯಿಯ ಅರ್ಜಿಯಲ್ಲಿ ಜೊತೆಗಿದ್ದ ಮಗುವಿಗೆ ಆಗ ಬೇರೆ ಅರ್ಜಿ ಹಾಕಬೇಕು. ಇದನ್ನು ಮರೆಯುವವರು ಬಹಳ.

ಪ್ರಜೆಯಾದ ಹುಡುಗನಿಗೆ ಎರಡು ದಾರಿ. ಇಲ್ಲಿ ಮದುವೆಯಾಗಿ ಸಿಆರ್‌-1, ಇಲ್ಲವೇ ಮದುವೆಗೆ ಮೊದಲು ಕೆ-1. ಕೆ-1ರಲ್ಲಿ ಹುಡುಗಿ ಅಮೆರಿಕಕ್ಕೆ ಹೋಗಿ 90 ದಿನದೊಳಗೆ ಮದುವೆಯಾಗಬೇಕು, ಆಮೇಲೆ ಗ್ರೀನ್ ಕಾರ್ಡಿಗೆ ಮತ್ತೆ 1,440 ಡಾಲರ್ ಅರ್ಜಿ. ಹಿಂದಿನ 2 ವರ್ಷದಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು. ನಿಶ್ಚಿತಾರ್ಥ ಮಾಡಿಕೊಂಡರೆ ತೊಂದರೆ ಇಲ್ಲ. ಆದರೆ ಮನೆಯವರ ಸಮಾಧಾನಕ್ಕೆ ಅಂತ ಇಲ್ಲೇ ತಾಳಿ ಕಟ್ಟಿಸಿಬಿಟ್ಟರೆ ಕೆ-1 ಕೆಟ್ಟಿತು, ಯಾಕೆಂದರೆ ಅದು ಮದುವೆಯಾಗದವರ ವೀಸಾ. ಕಲ್ಯಾಣ ಮಂಟಪ ತುಂಬಾ ನೆಂಟರು ಕೂತು ಊಟ ಮಾಡುವ ನಮ್ಮ ಕಡೆಗೆ ಸಿಆರ್‌-1 ವಾಸಿ. ಹುಡುಗಿ ಇಳಿದ ದಿನವೇ ಕಾಯಂ ನಿವಾಸಿ, ಕೆಲಸವನ್ನೂ ಮಾಡಬಹುದು. ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಹೋದರೆ ಸಿಗುವ ಕಾರ್ಡ್ 2 ವರ್ಷದ್ದು. ಅದು ಮುಗಿಯುವ ಮುಂಚಿನ 90 ದಿನದೊಳಗೆ ಕಾರ್ಡನ್ನು ಕಾಯಂ ಮಾಡಿಸುವ ಐ-751 ಅರ್ಜಿ ಹಾಕಬೇಕು. ಆ ತಾರೀಖು ಹುಡುಗಿಗೇ ಗೊತ್ತಿರಲಿ, ಗಂಡನಿಗೆ ಮಾತ್ರ ಬಿಡಬೇಡಿ.

ಅಣ್ಣ-ತಮ್ಮಂದಿರ ಸಾಲು

ಪ್ರಜೆಯಾದ ಅಕ್ಕ ತಮ್ಮನಿಗೆ ಎಫ್‌4 ಅರ್ಜಿ ಹಾಕಬಹುದು. ವರ್ಷಕ್ಕೆ ಇಡೀ ಪ್ರಪಂಚಕ್ಕೆ 65,000, ಅದರಲ್ಲಿ ಒಂದು ದೇಶಕ್ಕೆ ಮಿತಿ ಬೇರೆ. 2025ರಲ್ಲಿ ಭಾರತದವರಿಗೆ 2006ರಲ್ಲಿ ಹಾಕಿದ ಅರ್ಜಿಗಳ ಸರದಿ ನಡೆಯಿತು. ಆಗ ಎರಡು ವರ್ಷದ ಮಗ ಈಗ 21 ದಾಟಿದ್ದಾನೆ. ಅರ್ಜಿ ಪರಿಶೀಲನೆಯಲ್ಲಿದ್ದ ಕಾಲವನ್ನು ವಯಸ್ಸಿನಿಂದ ಕಳೆಯುವ ಕಾನೂನು ಇದೆ, ಆದರೂ ಎಷ್ಟೋ ಮಕ್ಕಳು ಹೊರಗೆ ಉಳಿಯುತ್ತಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ನಂಬಿ ಮಂಡಿಪೇಟೆ ಅಂಗಡಿ ಮಾರಬೇಡಿ. ಹಾಕಿದ ಮೇಲೆ ವಿಸಿಟರ್ ವೀಸಾ ಫಾರಂನಲ್ಲಿ ಅದನ್ನೂ ಹೇಳಬೇಕು ಅನ್ನುವುದು ನೆನಪಿರಲಿ.

ಮಕ್ಕಳು ಬೇರೆ ದೇಶದಲ್ಲಿದ್ದರೆ

ಹೆತ್ತವರ ಮಟ್ಟಿಗೆ ನನಗೆ ಇಷ್ಟವಾಗುವುದು ಕೆನಡಾದ ಸೂಪರ್ ವೀಸಾ. 2022ರ ಜುಲೈನಿಂದ ಒಂದು ಸಲ ಹೋದರೆ 5 ವರ್ಷದವರೆಗೆ ಇರಬಹುದು. ಮಗ ಕಾಯಂ ನಿವಾಸಿಯಾಗಿದ್ದರೂ ಸಾಕು, ಪ್ರಜೆಯೇ ಆಗಬೇಕಿಲ್ಲ. ಕನಿಷ್ಠ 1,00,000 ಕೆನಡಾ ಡಾಲರ್‌ನ ಆರೋಗ್ಯ ವಿಮೆ, ಮಗನ ಆದಾಯದ ಪುರಾವೆ ಬೇಕು. ಅಲ್ಲಿ ಹೆತ್ತವರ ಕಾಯಂ ನಿವಾಸಕ್ಕೂ ಯೋಜನೆ ಇದೆ, ಆದರೆ ಆಹ್ವಾನ ಬರುವುದು ಅದೃಷ್ಟದ ಮೇಲೆ. ಆಸ್ಟ್ರೇಲಿಯಾದಲ್ಲಿ 3 ಅಥವಾ 5 ವರ್ಷದ 870 ಅನ್ನುವ ಹೆತ್ತವರ ತಾತ್ಕಾಲಿಕ ವೀಸಾ ಇದೆ. ಕಾಯಂ ಬೇಕೆಂದರೆ ಕಾಂಟ್ರಿಬ್ಯೂಟರಿ ವಿಭಾಗದಲ್ಲಿ ತಲೆಗೆ 40,000 ಆಸ್ಟ್ರೇಲಿಯಾ ಡಾಲರ್‌ಗೂ ಮೇಲೆ, ಮೇಲಾಗಿ ವರ್ಷಗಟ್ಟಲೆ ಕಾಯುವುದು. ಬ್ರಿಟನ್‌ನಲ್ಲಿ 2012ರ ಜುಲೈ ನಂತರ ಹೆತ್ತವರಿಗೆ ಬಾಗಿಲು ಮುಚ್ಚಿದಂತೆಯೇ. ದಿನನಿತ್ಯದ ಆರೈಕೆಗೆ ಇನ್ನೊಬ್ಬರು ಬೇಕು, ಅದು ಭಾರತದಲ್ಲಿ ಸಿಗುವುದೇ ಇಲ್ಲ ಅಂತ ತೋರಿಸಬೇಕು.

ಏಜೆಂಟರ ಬಗ್ಗೆ

ಅಮೆರಿಕದ ವಲಸೆ ವಿಷಯದಲ್ಲಿ ಕಾನೂನು ಸಲಹೆ ಕೊಡಲು ಅಧಿಕಾರ ಇರುವುದು ಅಲ್ಲಿನ ವಕೀಲರಿಗೆ ಮತ್ತು ಅಲ್ಲಿನ ನ್ಯಾಯ ಇಲಾಖೆ ಮಾನ್ಯ ಮಾಡಿದ ಪ್ರತಿನಿಧಿಗಳಿಗೆ. ಇಲ್ಲಿ ಬೋರ್ಡ್ ಹಾಕಿರುವವರು ಫಾರಂ ತುಂಬಿಕೊಡಬಹುದು, ದಿನ ಬುಕ್ ಮಾಡಬಹುದು, ಅಷ್ಟೇ. ಅವರು ತುಂಬಿದ್ದಕ್ಕೆ ಹೊಣೆ ನಿಮ್ಮದು. ಹಿಂದೆ ವೀಸಾ ನಿರಾಕರಣೆಯಾಗಿದ್ದನ್ನು "ಇಲ್ಲ" ಅಂತ ಟಿಕ್ ಮಾಡಿದವರು ಅವರಾದರೂ ಸುಳ್ಳು ಹೇಳಿದವರು ನೀವೇ ಆಗುತ್ತೀರಿ. ಸಬ್‌ಮಿಟ್ ಒತ್ತುವ ಮೊದಲು ಡಿಎಸ್‌-160ಯ ಎಲ್ಲ ಉತ್ತರಗಳ ಪ್ರಿಂಟ್ ಕೇಳಿ ತಗೊಳ್ಳಿ. ಮನೆಗೆ ಒಯ್ದು ಮೊಮ್ಮಗಳ ಕೈಯಲ್ಲಿ ಒಂದೊಂದೇ ಸಾಲು ಕನ್ನಡದಲ್ಲಿ ಓದಿಸಿ. ಪ್ರಿಂಟ್ ಕೊಡೋದಿಲ್ಲ ಅಂದರೆ ಫೈಲು ವಾಪಸ್ ತಗೊಂಡು ಬನ್ನಿ.